ಉತ್ತರಾಷಾಢಕ್ಕೆ ಪ್ರಾಸ

ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ಮುಚ್ಚಳ ತೆಗೆಯುವುದು,
ಒಂಬತ್ತಕ್ಕೆ ಗಂಟೆ ಹೊಡೆಯುವುದು.
ಇವೆರಡರ ನಡುವೆ, ಈ ಶಾಲೆಯ ಜವಾನನಾದ ನಾನು
ಸ್ವಲ್ಪ ಹೊತ್ತು ಹವಾಮಾನ ಇಲಾಖೆ.

ಬೆನ್ನಿಗೆ ದುರ್ಗದ ಬಂಡೆ. ಎದುರಿಗೆ ಜೋಗಿಮಟ್ಟಿ.
ಆಚೆ ಗುಡ್ಡದ ಮೇಲೆ ಗಾಳಿಯಂತ್ರಗಳು
ಮೂರು ಕೈ ಬೀಸಿ ಮೋಡವನ್ನು ಹೋಗು ಹೋಗು ಎನ್ನುತ್ತವೆ
ಎಂದು ಊರವರ ದೂರು.
ನನಗೆ ಹಾಗೆ ಕಂಡಿಲ್ಲ.
ಬಾ ಎನ್ನುವುದಕ್ಕೂ ಕೈ ಬೀಸಲೇಬೇಕಲ್ಲ.

ಆ ದಿನ ಒಂಬತ್ತನೇ ಬಿ ಸೆಕ್ಷನ್ನಿನಲ್ಲಿ ಮೆಹರುನ್ನೀಸಾ ಟೀಚರ್
ಮೆಡಿಟರೇನಿಯನ್ ವಾಯುಗುಣ ಮಾಡುತ್ತಿದ್ದರು.
ಗ್ಲೋಬು ಹಿಡಿಯಲು ನನ್ನನ್ನು ಕರೆದಿದ್ದರು,
ಅದರ ಸ್ಟ್ಯಾಂಡು ಮುರಿದು ಎರಡು ವರ್ಷ.
ನನ್ನ ಅಂಗೈಗಳ ನಡುವೆ ಭೂಮಿ,
ಟೀಚರ ಬೆರಳ ತುದಿಯಲ್ಲಿ ಮಾಲ್ಟಾ.
ಕಾಣಲಿಲ್ಲ, ಬೆರಳೇ ದೊಡ್ಡದು.

ಬರೀ ಕಲ್ಲು ಮಕ್ಕಳೇ, ಸುಣ್ಣದ ಕಲ್ಲು. ಹೊಳೆ ಒಂದೂ ಇಲ್ಲ.
ಸುತ್ತ ಕೋಟೆ. ಬಂಡೆ ಕೊರೆದು ಹೊಂಡ,
ತಾರಸಿ ನೀರೆಲ್ಲ ಅದಕ್ಕೇ.
ಮಕ್ಕಳು ಕಿಟಕಿಯಾಚೆ ನೋಡಿದವು.
ಜೂನ್ ಜುಲೈ ಸೊನ್ನೆ. ಬಿಸಿಲು, ಉಪ್ಪು, ಒಣಹುಲ್ಲು.
ಒಮ್ಮೊಮ್ಮೆ ತೆಂಕಣ ಗಾಳಿ ಮರಳುಗಾಡಿನ ಧೂಳು ಹೊತ್ತು
ಅಷ್ಟು ದೊಡ್ಡ ಸಮುದ್ರ ದಾಟಿ ಬಂದು
ಒಣಗಲು ಹಾಕಿದ ಬಟ್ಟೆಯ ಮೇಲೆ ಕೆಂಪಾಗಿ ಕೂರುತ್ತದೆ.
ಮಳೆ ಬರುವುದು ಚಳಿಗಾಲಕ್ಕೆ.
ವರ್ಷಕ್ಕೆ ಐನೂರೈವತ್ತು ಮಿಲಿಮೀಟರು, ಹೆಚ್ಚುಕಡಿಮೆ.

ಐನೂರೈವತ್ತು!
ನನ್ನ ರಿಜಿಸ್ಟರಿನ ಮೊತ್ತವೂ ಪ್ರತಿ ವರ್ಷ
ಅಲ್ಲೇ ಎಲ್ಲೋ ಏಗುತ್ತದೆ.
ಭೂಮಿ ಸ್ವಲ್ಪ ಅಲುಗಿತು.
'ಮಾರಣ್ಣ, ಗಟ್ಟಿಯಾಗಿ ಹಿಡೀರಿ.'

ಹಿಂದಿನ ಬೆಂಚಿನಿಂದ ಪಾಲಯ್ಯ ಎದ್ದ, ಕುರಿಹಟ್ಟಿಯ ಹುಡುಗ.
'ಚಳಿಗಾಲದಾಗೆ ಬರೋ ಮಳೆಗೆ ಏನ್ ಹೆಸ್ರು ಟೀಚರ್?'
'ಮಳೆಗೆ ಹೆಸರೇನೋ? ಮಳೆ.'
'ಹೆಸ್ರಿಲ್ದೆ ಹೆಂಗ್ ಬತ್ತೈತೆ?'

ಎಲ್ಲರೂ ನಕ್ಕರು. ಗ್ಲೋಬು ಹಿಡಿದವನಿಗೆ ನಗು ಬರಲಿಲ್ಲ.

ರಾತ್ರಿ ಪಂಚಾಂಗ ಇಳಿಸಿ ಎಣಿಸಿದೆ.
ಅಶ್ವಿನಿಯಿಂದ ಅನುರಾಧದವರೆಗೆ ಹದಿನೇಳು ನಮ್ಮವು.
ಬರಲಿ ಬಾರದಿರಲಿ, ಹೆಸರು ಹಿಡಿದು ಕರೆಯುತ್ತೇವೆ,
ಆರಿದ್ರೆಯನ್ನಂತೂ ಮಾತು ತಪ್ಪಿದ ಬೀಗರನ್ನು ಬೈದ ಹಾಗೆ ಬೈಯುತ್ತೇವೆ.
ಉಳಿದವು ಹತ್ತು, ಜ್ಯೇಷ್ಠೆಯಿಂದ ರೇವತಿ.
ಅವುಗಳ ಮೇಲೆ ನನಗೆ ಒಂದು ಗಾದೆಯೂ ಬಾರದು.
ಸೂರ್ಯ ಒಂದೊಂದರ ಮನೆಯಲ್ಲೂ
ಹದಿಮೂರು ಹದಿನಾಲ್ಕು ದಿನ ಕೂತು ಎದ್ದು ಬರುತ್ತಾನೆ,
ಇಲ್ಲಿ ಯಾರೂ ತಲೆಯೆತ್ತುವುದಿಲ್ಲ.
ಹಾಜರಿಗೆ ಸಹಿ ಹಾಕಿ ಮನೆಗೆ ಹೋಗುವ ನಕ್ಷತ್ರಗಳು
ಎಂದುಕೊಂಡಿದ್ದೆ ಇಷ್ಟು ವರ್ಷ.

ವಿಳಾಸ ತಿಳಿಯದ ಆ ದ್ವೀಪಕ್ಕೆ ಬರೆದೆ:
ಜ್ಯೇಷ್ಠೆ ಮಳೆ ಜಗಲಿ ತೊಳೀತು.
ಮೂಲಾ ಸುರಿದರೆ ಮೂಲೆಗೂ ನೀರು.
ಶ್ರವಣದ ಮಳೆ ರಾತ್ರಿ ಕಿವಿಗೆ, ಬೆಳಿಗ್ಗೆ ಕಾಲಿಗೆ.
ಶತಭಿಷ ಬಂದರೆ ಕಲ್ಲಿನ ಸಂದೂ ಹಸಿರು.
ರೇವತಿ ಬಂತು, ರೇವಿನಲ್ಲಿ ಕೊಡೆ ಮಡಚು.
ಉತ್ತರಾಷಾಢಕ್ಕೆ ಪ್ರಾಸ ಸಿಗಲಿಲ್ಲ.
ಹೆಂಡತಿ ಲೈಟು ಆರಿಸಿದಳು.

ಕತ್ತಲಲ್ಲಿ ಹೊಳೆಯಿತು: ಸ್ವಾತಿ ಮಾತ್ರ ಎರಡೂ ಕಡೆ.
ಇಲ್ಲಿ ಕೊನೆಯ ಹಸಿ, ಅಲ್ಲಿ ಮೊದಮೊದಲ ಹಸಿ,
ಬೀಗದ ಕೈ ಕೊಟ್ಟು ತಗೊಳ್ಳುವ ದಿನಗಳು.

ಪರೀಕ್ಷೆಯಲ್ಲಿ ಪಾಲಯ್ಯ ಬರೆದಿದ್ದನಂತೆ,
ಮಾಲ್ಟಾದಲ್ಲಿ ಮೂಲಾ ಮಳೆ ಚೆನ್ನಾಗಿ ಆಗುತ್ತದೆ ಎಂದು.
ಟೀಚರ್ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು,
ಏನನ್ನಿಸಿತೋ, ಪಕ್ಕದಲ್ಲಿ ಅರ್ಧ ಅಂಕ ಕೊಟ್ಟಿದ್ದರು.
ಯಾರು ಹೇಳಿಕೊಟ್ಟದ್ದೆಂದು ನನ್ನನ್ನು ಕೇಳಲಿಲ್ಲ.

ಇವತ್ತು ಜನವರಿ ಹದಿನಾರು. ಗುಡಿಸಿಟ್ಟ ಆಕಾಶ.
ಆಲಿಕೆಯಲ್ಲಿ ಒಂದು ಹುಣಸೆ ಎಲೆ,
ಒಂದು ಇರುವೆ, ಅದೂ ಒಣಗಿದ್ದು.
ಸೊನ್ನೆ ಬಿಂದು ಸೊನ್ನೆ.
ನಕ್ಷತ್ರದ ಕಾಲಮ್ಮು ನಾನೇ ಗೀಟೆಳೆದುಕೊಂಡದ್ದು:
ಉತ್ತರಾಷಾಢ.
ಷರಾ ಜಾಗದಲ್ಲಿ, ತಾಲ್ಲೂಕು ಕಚೇರಿಯವರು ಬಂದರೆ
ಅಳಿಸಲು ಆಗಲೆಂದು ಪೆನ್ಸಿಲಿನಲ್ಲಿ ಬರೆದೆ,
'ಅನ್ಯ ಕಾರ್ಯ ನಿಮಿತ್ತ.'

ಗಂಟೆ ಎರಡು ನಿಮಿಷ ತಡವಾಯಿತು.