ಐದಕ್ಕೆ ಐದು ನಕ್ಷತ್ರ

ಪ್ರತಿ ಮಾರ್ಚಿನಲ್ಲಿ ಬರುತ್ತದೆ ಆ ದಪ್ಪ ಸಂಚಿಕೆ,
ವರ್ಷದ ಹೊಸ ಗಾಲ್ಫ್ ಕೋಲುಗಳ ಅಂಕಪಟ್ಟಿ.
ಹಲ್ಲಿನ ಡಾಕ್ಟರ್ ಆಲ್ಬನ್ ರೆಬೆಲ್ಲೊ ಮೊದಲು ಓದಿ,
ಬೇಕಾದಲ್ಲಿ ಮೂಲೆ ಮಡಚಿ
ನನಗೆ ದಾಟಿಸುತ್ತಾರೆ, ಶೀತ ದಾಟಿಸಿದ ಹಾಗೆ.
ಬಿಜೈಯ ಬಾಲ್ಕನಿಯಲ್ಲಿ ಕೂತು ಗಟ್ಟಿಯಾಗಿ ಓದಿದೆ:
ಈ ಡ್ರೈವರಿಗೆ ಐದಕ್ಕೆ ಐದು ನಕ್ಷತ್ರ, ಅರವತ್ತೆರಡು ಸಾವಿರ.
ಒಳಗಿಂದ ವಿಶಾಲಾಕ್ಷಿ: “ಡ್ರೈವರಿಗಾ? ತಿಂಗಳಿಗಾ?
ನಮ್ಮ ಕಾರು ಹೊರಡುವುದೇ ವಾರಕ್ಕೊಮ್ಮೆ, ಮಾರಾಯ್ರೆ.”

ಪುಟ ತಿರುಗಿಸಿದರೆ ಎಲ್ಲರೂ ಜಾಣರು.
ಐದು, ಐದು, ನಾಲ್ಕೂವರೆ, ಐದು.
ನಪಾಸಾದವರು ಈ ಶಾಲೆಗೇ ಸೇರಿಲ್ಲ.
ಎಡಪುಟದಲ್ಲಿ ಅಂಕ, ಬಲಪುಟದಲ್ಲಿ ಅದೇ ಕೋಲಿನ ಜಾಹೀರಾತು,
ಮುಚ್ಚಿದರೆ ಒಂದರ ಕೆನ್ನೆ ಇನ್ನೊಂದಕ್ಕೆ ಒತ್ತಿ ಮಲಗುತ್ತವೆ.
ಹಳೆಯದಕ್ಕಿಂತ ಹತ್ತು ಗಜ ದೂರ, ಎನ್ನುತ್ತದೆ.
ಹೋದ ವರ್ಷವೂ ಹತ್ತೆಂದಿತ್ತು, ಅದರ ಹಿಂದಿನ ವರ್ಷವೂ.
ಕೂಡಿಸಿ ನೋಡಿದೆ, ಬ್ಯಾಂಕಿನವನ ಚಾಳಿ:
ಆ ಲೆಕ್ಕದಲ್ಲಿ ಪಿಲಿಕುಳದಲ್ಲಿ ನಾನು ಹೊಡೆದ ಚೆಂಡು
ಗುರುಪುರ ಹೊಳೆ ದಾಟಿ ಬೀಳಬೇಕು.
ಬೀಳುವುದು ಅಲ್ಲೇ, ಗೇರುಮರದ ಬುಡದಲ್ಲಿ,
ಹನ್ನೊಂದು ವರ್ಷದಿಂದ.

ಆದರೆ ನಗುವುದಕ್ಕೆ ನನಗೆ ಬಾಯಿಲ್ಲ.
ಮೂವತ್ತಮೂರು ವರ್ಷ ನಾನೂ ಅಂಕ ಕೊಟ್ಟವನು,
ಸಾಲ ಕೇಳಿ ಬಂದವರಿಗೆ, ಹಂಪನಕಟ್ಟೆಯ ಶಾಖೆಯಲ್ಲಿ.
ಬೋಳಾರದ ಹಂಚಿನ ಕಾರ್ಖಾನೆಗೆ ‘ಎ’ ಬರೆದದ್ದು ಈ ಕೈ:
ಪಾಲುದಾರರ ಇಸ್ತ್ರಿ ಅಂಗಿ, ಚಿಮಣಿಯಲ್ಲಿ ಹೊಗೆ,
ಮೇಜಿನ ಮೇಲೆ ನನಗೆಂದೇ ಕೆತ್ತಿಟ್ಟ ಬೊಂಡ.
ಎರಡನೆಯ ಮಳೆಗಾಲಕ್ಕೆ ಗೂಡು ಆರಿತು.
ಬಂದರಿನ ಮೊಯ್ದಿನ್ ಕುಂಞಿಗೆ ‘ಸಿ’:
ಕಾಗದಪತ್ರ ಇಲ್ಲ, ಲೆಕ್ಕವೆಲ್ಲ ಸಿಗರೇಟು ಪ್ಯಾಕಿನ ಹಿಂದೆ.
ಒಂದು ಕಂತೂ ತಪ್ಪಲಿಲ್ಲ.
ಕೊನೆಯದನ್ನು ಕಟ್ಟಿ, ಚಿಲ್ಲರೆ ಎಣಿಸುತ್ತಾ ಕೇಳಿದ,
“ಸಾರ್, ನನಗೆ ಎಷ್ಟು ಮಾರ್ಕು ಕೊಟ್ಟಿದ್ರಿ?”
ನಾನು ಲಂಚ ಮುಟ್ಟಿದವನಲ್ಲ. ಸುಳ್ಳೂ ಬರೆಯಲಿಲ್ಲ.
ಬರೆಯುವಾಗ ಆ ನೀರು ಗಂಟಲಲ್ಲಿ ತಂಪಾಗಿತ್ತು,
ಅಷ್ಟೆ.

ಹೋದ ಜೂನಿನಲ್ಲಿ ಆಲ್ಬನ್ ಆ ಐದು ನಕ್ಷತ್ರವನ್ನೇ ತಂದರು.
ಮುರಕಲ್ಲಿನ ನೆಲ, ಮೇಲೆ ಒದ್ದೆ ಹುಲ್ಲು, ಪಡುವಣ ಗಾಳಿ.
ಪತ್ರಿಕೆಯವರು ಹೊಡೆಸಿದ್ದು ಯಂತ್ರದ ತೋಳಿನಿಂದಂತೆ.
ಬೆವರದ ತೋಳು, ಅದಕ್ಕೆ ಸೊಂಟ ಇಲ್ಲ,
ಹಿಂದೆ ಕಾಯುವವರು ಕೆಮ್ಮಿದರೆ ಕೇಳಿಸುವುದಿಲ್ಲ.
ಆಲ್ಬನ್ ಬೀಸಿದರು. ಸದ್ದು ಚಂದ ಬಂತು,
ಕಂಚಿನ ಬಟ್ಟಲಿಗೆ ಚಮಚ ತಾಗಿದ ಹಾಗೆ.
ಕ್ಯಾಡಿ ದೇಜಪ್ಪ ಚೆಂಡು ನೋಡಲೇ ಇಲ್ಲ,
ಅವನ ಕಣ್ಣು ಡಾಕ್ಟರ ಎಡ ಮೊಣಕಾಲಿನ ಮೇಲೆ.
“ಕೋಲು ಒಳ್ಳೆದುಂಟು. ಕಾಲು ಹಳೆದೇ ಅಲ್ವಾ,” ಎಂದವನೇ
ಗೇರುಮರದ ಕಡೆ ನಡೆದ.

ಹಾಗಾದರೆ ಎಷ್ಟು ನಂಬುವುದು?
ಆ ಪುಟ ಸುಳ್ಳೆನ್ನಲಾರೆ.
ಯಾವುದರ ತಲೆ ಅಗಲ, ಯಾವುದು ತಪ್ಪೇಟನ್ನೂ ಕ್ಷಮಿಸುತ್ತದೆ,
ಅವರಿಗೆ ಗೊತ್ತು. ನೂರು ಕೋಲು ಹಿಡಿದು ನೋಡಲು
ನನಗೆಲ್ಲಿ ಪುರುಸೊತ್ತು?
ನೂರನ್ನು ಮೂರಕ್ಕೆ ಇಳಿಸಿಕೊಡಲಿ.
ಅಷ್ಟಕ್ಕೆ ಮಾತ್ರ ಸಾಲ ಮಂಜೂರು.
ಉಳಿದದ್ದಕ್ಕೆ ಜಾಮೀನು ಬೇಕು:
ಗಾಳಿ ಇರುವ ಒಂದು ದಿನ, ನನ್ನದೇ ಸೊಂಟ,
ಮತ್ತು ದೇಜಪ್ಪ, ಮಾತಾಡದೆ ನಿಂತು ನೋಡುತ್ತಾ.

ಹೀಗೆಲ್ಲ ತೀರ್ಮಾನಿಸಿ ಆಗಿತ್ತು.
ನಿನ್ನೆ ಈ ಮಾರ್ಚಿನದೂ ಬಂತು.
ಆಲ್ಬನ್ ಮಡಚಿದ ಮೂಲೆಯನ್ನು ಬಿಡಿಸಿ,
ಹೆಬ್ಬೆರಳಿನಿಂದ ಉಜ್ಜಿ ನೇರ ಮಾಡಿ,
ಸ್ವಲ್ಪ ಹೊತ್ತು ರಸ್ತೆ ನೋಡಿ,
ಅದೇ ಮೂಲೆಯನ್ನು ನಾನೇ ಮಡಚಿದೆ.
ಅರವತ್ತೆಂಟು ಸಾವಿರ. ಹತ್ತು ಗಜ.