ದವಡೆ ಹಲ್ಲು

ಎಲ್ಲರೂ ಚಿರತೆ ಕೇಳುತ್ತಾರೆ.
ನೀವು ಕೇಳಿದ್ದು ಬಾಯಿ.

ಸೆಂಡೈನಲ್ಲಿ ನಲವತ್ತು ವರ್ಷ ಜನರ ಹಲ್ಲು ಕಿತ್ತ ಕೈ,
ಎಪ್ಪತ್ತೊಂದರ ಹರೆಯ, ಮಡಿಲಲ್ಲಿ ಕೂಸಿನಂತೆ ಲೆನ್ಸು.
ಜೀಪು ಹತ್ತುವ ಮೊದಲೇ ಹೇಳಿದಿರಿ, ಹಿಸಾಕೊ:
"ಆಕಳಿಸುವುದು ಯಾವುದಿದ್ದರೂ ಸರಿ, ನಿಲ್ಲಿಸು."

ನಿಲ್ಲಿಸಿದೆ.
ಲುವಾಂಗ್ವಾ ನದಿಯ ಕೆಸರಲ್ಲಿ ನೀರಾನೆ ಬಾಯಿ ತೆರೆದಾಗ
ಉಸಿರು ಬಿಗಿಹಿಡಿದು, ಎರಡು ಕ್ಲಿಕ್ಕಿನ ನಡುವೆ
"ಛೆ, ಎಡಗಡೆಯ ಕೋರೆ ಬಿರುಕು" ಎಂದು ಮರುಗಿದಿರಿ.
ಮುದಿ ಸಿಂಹಿಣಿಯ ಮುರಿದ ಹಲ್ಲಿಗೆ ಒಂದು ಬೆಳಗು ಪೂರಾ ಕೊಟ್ಟಿರಿ.
ಹಿಂದಿನ ಸೀಟಿನ ದಂಪತಿ ಚಿರತೆ, ಚಿರತೆ ಎಂದು ಗೊಣಗುತ್ತಲೇ ಇದ್ದರು.

ಮೂರನೆಯ ದಿನ ನನಗೇ ಅಂದಿರಿ, "ಬಾಯಿ ತೆರೆ."
ಟಾರ್ಚು ಬಿಟ್ಟು ನೋಡಿ, "ಮೇಲೆ, ಬಲಕ್ಕೆ, ಎರಡನೆಯದು.
ಚಿಪಾಟಾಕ್ಕೆ ಹೋಗಿ ತೋರಿಸು." ಇನ್ನೂ ಹೋಗಿಲ್ಲ.
ಫೋಟೋ ತೆಗೆಯಲಿಲ್ಲ ನೀವು. ನನ್ನದನ್ನು ಯಾರೂ ತೆಗೆದಿಲ್ಲ,
ಗುರುತಿನ ಚೀಟಿಯವನೊಬ್ಬನ ಹೊರತು;
ಅಲ್ಲಿ ಬಾಯಿ ಮುಚ್ಚಿರಬೇಕು.

ನನ್ನಜ್ಜ ಇದೇ ದಾರಿಯಲ್ಲಿ ಬಿಳಿಯರ ಬಂದೂಕು ಹೊತ್ತು ನಡೆದವನು.
ಅವನು ನೋಡುತ್ತಿದ್ದದ್ದು ಗಾಳಿ. ನಾನು ನೋಡುವುದು ಬೆಳಕು.
ಸಂಜೆ ಬಿಡಾರಕ್ಕೆ ಮರಳಿದವರನ್ನು ಕೇಳುವ ಮಾತು ಮಾತ್ರ
ಅಂದೂ ಇಂದೂ ಒಂದೇ: "ಹೊಡೆದಿರಾ?"

ನಮ್ಮ ಮನೆತನದ ಹೆಸರು ನ್ಜೋವು. ಅಂದರೆ ಆನೆ.
ಅದು ಆನೆಗೇನು ಗೊತ್ತು.

ಕಡೆಯ ದಿನ, ಜಾಲಿಯ ಕಾಯಿಗೆ ಸೊಂಡಿಲೆತ್ತಿ
ಆ ಒಂಟಿ ಸಲಗ ನಿಂತಿತ್ತು. ಹರಿದ ಕಿವಿ, ಕಣ್ಣಿನ ಮೇಲೆ ಆಳದ ಕುಳಿ.
ಎಂಜಿನ್ ಆರಿಸಿದೆ. ಸೂರ್ಯ ನಿಮ್ಮ ಹೆಗಲ ಹಿಂದೆ.
ಅದು ಬಾಯಿ ತೆರೆಯಿತು.
ನೀವು ಹೊಡೆದಿರಿ, ತೆಗೆದಿರಿ, ಹಿಡಿದಿರಿ,
ಯಾವ ಮಾತು ಸರಿಯೋ ತಿಳಿಯದು. ಅದಂತೂ
ಮೊದಲಿದ್ದಲ್ಲೇ ಇತ್ತು, ಅಗಿಯುತ್ತ, ಅರ್ಧ ಉಗಿಯುತ್ತ.

ಆಗ ನಾನು ಹೇಳಲಿಲ್ಲ: ಹೋದ ಫೆಬ್ರವರಿಯ ಒಂದೇ ರಾತ್ರಿ
ನನ್ನ ಹೆಂಡತಿ ತಾವೊಂಗಾಳ ಹೊಲಕ್ಕೆ ನುಗ್ಗಿ
ಹಾಲುಗಾಳಿನ ಮೆಕ್ಕೆಜೋಳ ಮುಗಿಸಿದ್ದು ಇದೇ ಹರಿದ ಕಿವಿ.
ಅತಿಥಿಗಳಿಗೆ ಅದನ್ನೆಲ್ಲ ಹೇಳುವುದಿಲ್ಲ ನಾವು;
ಹಕ್ಕಿಗಳ ಹೆಸರು ಹೇಳುತ್ತೇವೆ.

ಮೂರು ತಿಂಗಳಿಗೆ ಅಂಚೆ ಬಂತು. ಎರಡು ರಟ್ಟಿನ ನಡುವೆ ಅದರ ಬಾಯಿ,
ನಾಲಗೆಯ ಸುಕ್ಕು ಎಣಿಸುವಷ್ಟು ಹತ್ತಿರ.
ಹಿಂದುಗಡೆ ಪೆನ್ಸಿಲಿನಲ್ಲಿ ನಿಮ್ಮ ಸಣ್ಣ ಅಕ್ಷರ:
"ಆನೆಗೆ ಆರು ಸಲ ದವಡೆ ಹಲ್ಲು ಬರುತ್ತದೆ.
ಇದು ಆರನೆಯದು. ಸವೆದಿದೆ.
ಇನ್ನು ಮೆತ್ತಗಿದ್ದದ್ದು ಮಾತ್ರ ತಿಂದೀತು."

ತಾವೊಂಗಾ ಬಹಳ ಹೊತ್ತು ನೋಡಿದಳು.
ಮೂಲೆಯಲ್ಲಿ ನನ್ನ ತಾಯಿ ನ್ಶಿಮಾದ ತುತ್ತು ಸಾರಿನಲ್ಲಿ ನೆನೆಸಿ
ಒಸಡಲ್ಲೇ ಅರೆಯುತ್ತಿದ್ದಳು.
"ಹಲ್ಲಿಲ್ಲದವರು ಈ ಮನೆಗೆ ಒಬ್ಬರು ಸಾಕು" ಎಂದು ಎದ್ದ ತಾವೊಂಗಾ
ಒಣಮೆಣಸಿನಕಾಯಿ ಕುಟ್ಟಿ, ಆನೆಲದ್ದಿಗೆ ಕಲಸಿ
ಬೆರಣಿ ತಟ್ಟಿದಳು, ಹೋದ ವರ್ಷಕ್ಕಿಂತ ಎಂಟು ಹೆಚ್ಚು.
ಚಿತ್ರ ಗೋಡೆಗೇರಲಿಲ್ಲ. ಬಿಸಾಡಲೂ ಇಲ್ಲ.
ಬೀಜದ ಡಬ್ಬಿಗೆ ಮುಚ್ಚಳವಾಗಿದೆ, ಬಾಯಿ ಒಳಮುಖ.

ನಿನ್ನೆ ರಾತ್ರಿ ಬಂದಿತ್ತು.
ಹೊಲದ ನಾಲ್ಕು ಮೂಲೆಗೂ ಘಾಟು ಹೊಗೆ, ನಮಗೇ ಕಣ್ಣುರಿ.
ಬೇಲಿಯಾಚೆ ಉಸಿರು ಕೇಳಿಸಿತು, ಅಷ್ಟೇ. ಓಡಲಿಲ್ಲ, ಘೀಳಿಡಲಿಲ್ಲ.
ತಗಡು ಬಡಿಯಲು ಕೋಲೆತ್ತಿದ ತಾವೊಂಗಾ
ಕೋಲು ಎತ್ತಿಕೊಂಡೇ ಇದ್ದಳು.
ಎಷ್ಟು ಹೊತ್ತೋ.

ಬೆಳಕಿರಲಿಲ್ಲ, ಹಿಸಾಕೊ.
ನೀವಿದ್ದಿದ್ದರೂ ಏನೂ ಸಿಗುತ್ತಿರಲಿಲ್ಲ.
ಐದು ಗಂಟೆಗೆ ಹೊಸಬರ ಜೀಪು. ಲೆನ್ಸು ಒರೆಸಿಕೊಳ್ಳುತ್ತ
ಕೇಳುತ್ತಾರೆ: ಚಿರತೆ.