ಎಡಗೈ ಜೇಬಿನಲ್ಲಿ

ಪಕ್ಕದ ಕೋಣೆಯಲ್ಲಿ ಯಾರೋ
ಬಾಯಿ ಮುಚ್ಚಿಕೊಂಡು ಗುನುಗಿದ ಹಾಗೆ, ಅಂದಳು ಸುನ್ವಾ,
ಆಂಪನ್ನು ನನ್ನ ಮೇಜಿನ ಮೇಲೆ ಕುಕ್ಕಿ.
ಹೊರಗೆ ಕ್ಲಾಕ್ಸ್‌ವೀಕ್ ಬಂದರು, ಒದ್ದೆ ಬಲೆ, ಡೀಸೆಲ್ಲು,
ನಾಲ್ಕು ದಿಕ್ಕಿನಿಂದಲೂ ಒಂದೇ ಗಾಳಿ.

ಅವಳ ಸೋದರಮಾವ ಎಂದೋ
ಹೆರಿಂಗ್ ಮೀನಿನ ಲೆಕ್ಕಕ್ಕೆ ತಂದ ಪೆಟ್ಟಿಗೆ.
ಉಪ್ಪು ತಿಂದ ಸ್ಕ್ರೂಗಳು.
ನೀರು ಕುಡಿಸಲಿಲ್ಲ, ಎಣ್ಣೆ ಕುಡಿಸಿದೆ,
ಒಂದೊಂದಾಗಿ ಬಾಯಿಬಿಟ್ಟವು.

ಸ್ವಿಚ್ಚು ಆರಿಸಿದ ಮಾತ್ರಕ್ಕೆ ನಂಬಬೇಡ, ಅಂದೆ ಅವಳಿಗೆ.
ಕೆಪಾಸಿಟರಿನ ಜಾತಿಯೇ ಹಾಗೆ:
ನಾನೂರು ವೋಲ್ಟು ಹೊಟ್ಟೆಯಲ್ಲಿಟ್ಟುಕೊಂಡು
ಮುಖದಲ್ಲಿ ಏನೂ ತೋರಿಸುವುದಿಲ್ಲ.
ಮೊದಲು ಬರಿದು ಮಾಡು. ಅಳೆ. ಮತ್ತೊಮ್ಮೆ ಅಳೆ.
ಬಲಗೈ ಒಳಗೆ ಹೋದಾಗ ಎಡಗೈ ಜೇಬಿನಲ್ಲಿರಲಿ,
ಎರಡೂ ಕೊಟ್ಟೆಯೋ, ಕರೆಂಟು ಎದೆ ಹಾದು ಹೋಗುತ್ತದೆ.
ಇದು ಎಯ್ಯುನ್ ಕಲಿಸಿದ್ದು, ಟ್ರಾಲರಿನ ರೇಡಿಯೋ ಕೋಣೆಯಲ್ಲಿ.
ಅಲ್ಲಿ ಇಪ್ಪತ್ತೆರಡು ವರ್ಷ
ನನ್ನ ದಿಂಬಿನ ಕೆಳಗೇ ಎಂಜಿನ್ನು.

ಮೊದಲ ಟ್ಯೂಬು ಕಿತ್ತೆ. ಗುಂಯ್.
ಎರಡನೆಯದು. ಗುಂಯ್.
ಮೂರನೆಯದನ್ನೂ ಕಿತ್ತ ಮೇಲೆ ಗೊತ್ತಾಯಿತು,
ತಪ್ಪು ಹಾಡುವವರದಲ್ಲ, ಉಣಬಡಿಸುವವನದು:
ಬುಡದಲ್ಲಿ ದೊಡ್ಡ ಕೆಪಾಸಿಟರು ಊದಿಕೊಂಡು ಕೂತಿತ್ತು.
ಬದಲಿಸಿದೆ. ಪಕ್ಕದ ಕೋಣೆಯವರು
ಎದ್ದು ಹೋದರು.

ಎಲ್ಲ ಟ್ಯೂಬು ಮತ್ತೆ ಕೂರಿಸಿ
ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟುತ್ತ ಬಂದೆ.
ಎರಡನೆಯದು ಟಿಂಗ್ ಅಂದಿತು ಸ್ಪೀಕರಿನಲ್ಲಿ, ಗಾಜಿನ ಲೋಟದಂತೆ.
ಬಾಯಾಗಿರಬೇಕಾದದ್ದು ಕಿವಿಯಾಗಿತ್ತು.
ಅದನ್ನು ತೆಗೆದು ಡ್ರಾಯರಿಗೆ ಹಾಕಿದೆ,
ಎಸೆಯಲು ಮನಸ್ಸು ಬರುವುದಿಲ್ಲ.

ಇನ್ನೂ ಇದೆ, ಅಂದಳು.
ಏನು?
ಸುಂಯ್ ಅಂತ. ಕಾದ ಬಾಣಲೆಗೆ ನೀರು ಬಿದ್ದ ಹಾಗೆ, ಆದರೆ ದೂರದಲ್ಲಿ.

ನನಗೇನೂ ಕೇಳಿಸಲಿಲ್ಲ.
ಸ್ಪೀಕರಿಗೆ ಕೆನ್ನೆ ಒತ್ತಿದೆ.
ಬಟ್ಟೆಯ ವಾಸನೆ, ಹಳೆಯ ಸಿಗರೇಟು.
ಜೇಬಿನೊಳಗೆ ಎಡಗೈ ಒಂದು ಕಾಗದವನ್ನು ಮಡಚಿತು,
ಮಡಚಿದ್ದನ್ನೇ ಮಡಚಿತು.
ತೋರ್ಸ್‌ಹಾವ್ನ್ ಆಸ್ಪತ್ರೆಯದು. ಮೂರು ವಾರದಿಂದ ಅಲ್ಲೇ ಇದೆ.

ಮರದ ಕಡ್ಡಿ ಹಿಡಿದುಕೊಂಡೆ:
ನಾನು ಮುಟ್ಟುತ್ತ ಹೋಗುತ್ತೇನೆ, ನೀನು ಕೇಳು.
ಇಲ್ಲ. ಇಲ್ಲ. ಅದಲ್ಲ. ಇಲ್ಲ.
ಹಾಂ, ಅಲ್ಲೇ. ಒಂದಿಷ್ಟು ಹಿಂದೆ.
ಕಂದು ಬಣ್ಣದ ರೆಸಿಸ್ಟರು, ಗೋಧಿಕಾಳಿಗಿಂತ ತುಸು ದಪ್ಪ.
ಕಣ್ಣು ಮುಚ್ಚಿಕೊಂಡಿದ್ದಳು ಹುಡುಗಿ,
ಹಾಲು ಉಕ್ಕುವುದನ್ನು ಕಾಯುವವಳಂತೆ.
ಹೊಸದು ಹಾಕಿ ಬೆಸೆದೆ.
ಹೋಯಿತು, ಅಂದಳು.
ಅವಳ ಮಾತನ್ನೇ ನಂಬಿದೆ,
ಬೇರೆ ಮೀಟರು ನನ್ನ ಹತ್ತಿರ ಇರಲಿಲ್ಲ.

ಮುಚ್ಚಳ ಹಾಕುತ್ತಿದ್ದೆ.
ತಡಿ, ಅಂದೆ. ಇದೆ ಇನ್ನೂ.
ಸಣ್ಣಗೆ, ಎತ್ತರದಲ್ಲಿ, ತಂತಿ ಎಳೆದಂತೆ ಒಂದೇ ಸಮ,
ನಿನಗೆ ಕೇಳುವುದಿಲ್ಲವೇ?
ಅವಳು ನನ್ನನ್ನು ನೋಡಿದಳು.
ಗೋಡೆಯ ಸ್ವಿಚ್ಚನ್ನು ನೋಡಿದಳು.
ಹಾನುಸ್, ನೀನು ಆರಿಸಿ ಆಗಲೇ ಎರಡು ನಿಮಿಷವಾಯಿತು.

ಬಿಲ್ಲು ಬರೆದೆ.
ಕೆಪಾಸಿಟರು, ಟ್ಯೂಬು, ರೆಸಿಸ್ಟರು.
ಕೂಲಿಯಲ್ಲಿ ಅರ್ಧ ಹೊಡೆದು ಹಾಕಿ
ಬದಿಯಲ್ಲಿ ಬರೆದೆ: ಕಿವಿ ಅವಳದು.
ಪೆನ್ನಿನ ಮುಚ್ಚಳಕ್ಕೆಂದು ಎಡಗೈ ಹೊರಗೆ ತೆಗೆದೆನೋ ಏನೋ,
ಕಾಗದ ನೆಲಕ್ಕೆ ಬಿತ್ತು.
ಅವಳೇ ಎತ್ತಿ ಬಿಡಿಸಿದಳು.
ಎಡದಿಂದ ನೆಟ್ಟಗೆ ಬಂದ ಗೆರೆ
ನಾಲ್ಕು ಸಾವಿರದ ಹತ್ತಿರ
ನಮ್ಮ ದ್ವೀಪದ ಅಂಚಿನ ಹಾಗೆ ಕಡಿದು ಕೆಳಗಿಳಿದಿತ್ತು.

ಇದು ಯಾವ ಆಂಪಿನದು? ಅಂತ ಕೇಳಿದಳು.

ಹಳೇದು, ಅಂದೆ. ಐವತ್ತೇಳನೆಯ ಇಸವಿಯದು.